ಕಾಕಾನ ಏಳು ಒಂದುಗಳು

ನಮ್ಮ ಕಾಕಾ ಹೆದರದೆ ಬಿಟ್ಟ ಒಂದೇ ಒಂದು ವಸ್ತು ಈ ಭೂಮಿಯ ಮೇಲೆ ಇದ್ದರೆ ತೋರಿಸಿ, ಈ ವಯಸ್ಸಿನಲ್ಲೂ ನಾನು ಕಿವಿ ಹಿಡಿದು ಹತ್ತು ಬಸ್ಕಿ ಹೊಡೆಯುತ್ತೇನೆ! ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತಿದ್ದ. ಓಣಿಯ ತಿರುವಿನವರೆಗೆ ಹೋಗಿ ಮತ್ತೆ ಬಂದು ನಾಲ್ಕನೆಯ ಸಲ ಜಗ್ಗುತ್ತಿದ್ದ. ಬಸ್ಸು ಹತ್ತಕ್ಕೆ ಎಂದರೆ ಎಂಟಕ್ಕೇ ನಿಲ್ದಾಣದಲ್ಲಿ ಹಾಜರು. ಪೋಸ್ಟಿನ ಡಬ್ಬಿಗೆ ಕಾರ್ಡು ಹಾಕಿದರೆ ಸುಮ್ಮನೆ ಬರಬೇಕಲ್ಲ? ಇಲ್ಲ. ಒಳಗೆ ಹೋಗಿ ಪೋಸ್ಟ್ ಮಾಸ್ತರರನ್ನು ಕೇಳುತ್ತಿದ್ದ: "ಕಾರ್ಡು ತಳಕ್ಕ ಬಿದ್ದಿರತೈತೇನ್ರಿ? ನಡುವ ಎಲ್ಲರೆ ಸಿಕ್ಕೊಂಡಿದ್ರ?"

ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ಕಾಕಾನ ಅಸಲಿ ಹೆದರಿಕೆ ಇದ್ದದ್ದು ಹನ್ನೊಂದು ಲಕ್ಷ ಹನ್ನೊಂದು ಸಾವಿರದ ಒಂದುನೂರಾ ಹನ್ನೊಂದು ಎಂಬ ಸಂಖ್ಯೆಗೆ. ನಗಬೇಡಿ. ಒಮ್ಮೆ ಬರೆದು ನೋಡಿ: ೧೧೧೧೧೧೧. ಏಳು ಒಂದು, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ಇದರಲ್ಲಿ ಹೆದರುವಂಥದ್ದು ಏನಿದೆ? ನಮ್ಮ ಮನೆಯವರೂ ಹನ್ನೆರಡು ವರ್ಷ ಇದನ್ನೇ ಕೇಳಿದರು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಪ್ರಾಥಮಿಕ ಶಾಲೆಯ ಮಾಸ್ತರ. ನಮ್ಮ ಮನೆ ಶಿಗ್ಗಾಂವದಲ್ಲಿ. ಅಪ್ಪ, ಅವ್ವ, ಅಕ್ಕ, ನಾನು, ಕಾಕಾ, ಅವನ ಹೆಂಡತಿ ನಮ್ಮ ಚಿಗವ್ವ, ಎಲ್ಲರೂ ಒಂದೇ ಸೂರಿನ ಕೆಳಗೆ. ನಮ್ಮ ಸೀಮೆ ಇನ್ನೂ ಮುಂಬೈ ಸರಕಾರದಲ್ಲಿದ್ದ ಕಾಲ ಅದು. ಒಂದು ದಿನ ಕಾಕಾನ ಶಾಲೆಗೆ ತಪಾಸಣೆಗೆಂದು ಸಾಹೇಬರು ಬಂದರು. ಸಾಹೇಬರು ಒಳ್ಳೆಯವರೇ. ನಾಲ್ಕನೇ ಇಯತ್ತೆಗೆ ಬಂದು, ಸೀಮೆಸುಣ್ಣ ಬರೆಯುತ್ತದೋ ಇಲ್ಲವೋ ಎಂದು ನೋಡಲು ಗೋಡೆಯ ಕರಿ ಫಳಿಯ ಮೇಲೆ ಟಕಟಕ ಏಳು ಗೆರೆ ಎಳೆದರು. ಅಷ್ಟೇ! ಸೀಮೆಸುಣ್ಣದ ಪರೀಕ್ಷೆ, ಬೇರೇನೂ ಅಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಧಿಕಪ್ರಸಂಗಿ ತಟ್ಟನೆ ಎದ್ದು ಅದನ್ನು ಓದಿಬಿಟ್ಟ: "ಹನ್ನೊಂದು ಲಕ್ಷ ಹನ್ನೊಂದು ಸಾವಿರದ ಒಂದುನೂರಾ ಹನ್ನೊಂದ್ರಿ ಸಾಹೇಬ್ರ!"

ಸಾಹೇಬರಿಗೆ ಖುಷಿಯೋ ಖುಷಿ. "ಶಾಬಾಸ್!" ಎಂದು ಬೆನ್ನು ತಟ್ಟಿ, ಅದೇ ಉಮೇದಿನಲ್ಲಿ ಕಾಕಾನ ಕಡೆ ತಿರುಗಿದರು. "ಏನ್ರಿ ಮಾಸ್ತರ, ಇದು ಯಾತರಿಂದ ಭಾಗ ಹೋಗತೈತಿ?"

ಕಾಕಾ ಮನಸ್ಸಿನಲ್ಲೇ ಭಾಗಿಸತೊಡಗಿದ. ಎರಡರಿಂದ ಹೋಗುವುದಿಲ್ಲ, ಮೂರರಿಂದ ಹೋಗುವುದಿಲ್ಲ, ಐದರಿಂದ ಹೋಗುವುದಿಲ್ಲ. ಮತ್ತೆ ಯಾವುದರಿಂದ? ಮೂವತ್ತು ಮಕ್ಕಳು ನೋಡುತ್ತಿದ್ದಾರೆ. ಬೆವರು ಒರೆಸಿಕೊಂಡು ಕಾಕಾ ಅಂದ: "ನೋಡಿ ಹೇಳ್ತೇನ್ರಿ ಸಾಹೇಬ್ರ."

"ಹೇಳ್ರಿ, ಹೇಳ್ರಿ," ಎಂದರು ಸಾಹೇಬರು. ಆಮೇಲೆ ಉಪ್ಪಿಟ್ಟು ತಿಂದರು, ಚಾ ಕುಡಿದರು, ಭೇಟಿ ಪುಸ್ತಕದಲ್ಲಿ 'ಶಾಲೆಯ ಅಂಗಳ ಸ್ವಚ್ಛವಾಗಿದೆ' ಎಂದು ಬರೆದು ಹೊರಟುಹೋದರು. ಅಂಗಳ ದಾಟುವುದರೊಳಗೆ ಅವರು ಆ ಸಂಖ್ಯೆಯನ್ನು ಮರೆತಿದ್ದರು ಎಂದು ನಾನು ಯಾವ ಗುಡಿಯಲ್ಲಿ ಬೇಕಾದರೂ ದೀಪ ಮುಟ್ಟಿ ಹೇಳುತ್ತೇನೆ. ಆದರೆ ಕಾಕಾ ಮಾತು ಕೊಟ್ಟಿದ್ದ. ನೋಡಿ ಹೇಳುತ್ತೇನೆ ಎಂದವನು ನೋಡಲೇಬೇಕು, ಹೇಳಲೇಬೇಕು. ಸಾಹೇಬರು ನಾಳೆ ಮತ್ತೆ ಬಂದು ಕೇಳಿದರೆ? ನಾಡಿದ್ದು ಬಂದರೆ? ಅಂದಿನಿಂದ ಶಾಲೆಯ ಹೊರಗೆ ಸೈಕಲ್ಲಿನ ಗಂಟೆ ಬಾರಿಸಿದರೂ ಕಾಕಾನ ಎದೆ ಡವಡವ.

ಒಂದರ ಮನೆತನದ ಚರಿತ್ರೆಯನ್ನು ಕಾಕಾ ನಮಗೆಲ್ಲ ಬಾಯಿಪಾಠ ಮಾಡಿಸಿದ್ದ. ಎರಡು ಒಂದು ಸೇರಿದರೆ ಹನ್ನೊಂದು, ಅದನ್ನು ಯಾರೂ ಭಾಗಿಸಲಾರರು. ಮೂರು ಒಂದು ಸೇರಿದರೆ ಮೂವತ್ತೇಳರಿಂದ ಹೋಗುತ್ತದೆ. ನಾಲ್ಕು ಒಂದು ನೂರಾ ಒಂದರಿಂದ. ಐದು ಒಂದು ಬಹಳ ಬಿಗಿ, ಆದರೂ ನಲವತ್ತೊಂದಕ್ಕೆ ಸೋಲುತ್ತದೆ. ಆರು ಒಂದಂತೂ ಧರ್ಮಛತ್ರ, ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು, ಯಾರು ಬಂದರೂ ಒಳಗೆ ಬಿಡುತ್ತದೆ. ಏಳನೆಯ ಒಂದು ಬಂದು ನಿಂತ ಕೂಡಲೇ ಆ ಐವರಿಗೂ ಬಾಗಿಲು ಬಂದ್! ಮೂರರಿಂದ ಭಾಗಿಸಿ, ಒಂದು ಉಳಿಯುತ್ತದೆ. ಏಳರಿಂದ ಭಾಗಿಸಿ, ಒಂದು ಉಳಿಯುತ್ತದೆ. ಹನ್ನೊಂದರಿಂದ, ಹದಿಮೂರರಿಂದ, ಮೂವತ್ತೇಳರಿಂದ ಭಾಗಿಸಿ, ಮತ್ತೆ ಅದೇ ಒಂದು. ಹೀಗೆ ಒಂದೇ ಒಂದು ಉಳಿದಾಗಲೆಲ್ಲ ಕಾಕಾನ ಮುಖ ನೋಡಬೇಕಿತ್ತು, ಬಸ್ಸು ಕಣ್ಣೆದುರೇ ಹೋದವನ ಮುಖ.

"ಯಾರಿಂದನೂ ಹೋಗೂದಿಲ್ಲ ಅಂತ ಹೇಳಿ ಬಿಡ್ರಿ ಅತ್ಲಾಗ," ಎಂದಳು ಚಿಗವ್ವ.

"ಹಂಗ ಹೇಳಾಕ ಬರೂದಿಲ್ಲ. ಪೂರಾ ನೋಡೇ ಹೇಳಬೇಕು."

"ಪೂರಾ ಅಂದ್ರ ಎಲ್ಲಿ ಮಟ?"

"ಸಾವಿರದ ಐವತ್ನಾಲ್ಕರ ಮಟ. ಅದಕ್ಕಿಂತ ದೊಡ್ಡ ಸಂಖ್ಯೆ ಭಾಗ ಹೋದ್ರ ಅದರ ಜೋಡಿ ಸಣ್ಣದೊಂದು ಇರಲೇಬೇಕು, ಅದು ಮೊದಲ ಸಿಕ್ಕಿರತೈತಿ. ಅದರಾಗೂ ಅವಿಭಾಜ್ಯ ಸಂಖ್ಯೆ ಅಷ್ಟ ನೋಡಿದ್ರ ಸಾಕು. ಬರೇ ಒಂದುನೂರಾ ಎಪ್ಪತ್ತೇಳು."

"ಬರೇ!" ಎಂದಳು ಚಿಗವ್ವ. "ನಿಮ್ಮ ಏಳು ಒಂದಕ್ಕ ಹಸಿವು ಆಗೂದಿಲ್ಲ, ನಮಗ ಆಗತೈತ್ರಿ. ಏಳ್ರಿ ಊಟಕ್ಕ."

ಬೇರೆ ಯಾರಾದರೂ ಆಗಿದ್ದರೆ ಒಂದು ತಿಂಗಳಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಕಾಕಾನಿಗೆ ತನ್ನ ಮೇಲೆಯೇ ಭರವಸೆ ಇಲ್ಲ. ತಾನು ಒಬ್ಬನೇ ಮಾಡಿ ಎಲ್ಲೋ ತಪ್ಪಿದರೆ? ಹಾಗಾಗಿ ಒಂದು ಪದ್ಧತಿ ಹುಟ್ಟಿತು. ವಾರಕ್ಕೆ ಒಂದೇ ಸಂಖ್ಯೆ. ಆ ವಾರ ಮನೆಗೆ ಬಂದ ಅತಿಥಿ ಅದರಿಂದ ಏಳು ಒಂದನ್ನು ಬಳಪ ಹಿಡಿದು ಪಾಟಿಯ ಮೇಲೆ ಭಾಗಿಸಬೇಕು. ಉಳಿದ ಶೇಷವನ್ನು ಕಾಕಾನ ನೋಟಬುಕ್ಕಿನಲ್ಲಿ ತಾನೇ ಬರೆದು ಮುಂದೆ ಸಹಿ ಮಾಡಬೇಕು. ಚಾ ಆಮೇಲೆ. ಅತಿಥಿ ಬರದ ವಾರ ಮನೆಯವರ ಪಾಳಿ. ಮೊದಲ ವಾರದ ಸಂಖ್ಯೆ ಎರಡು. ಕೊನೆಗೆ ಒಂದು ಇದ್ದದ್ದು ಎರಡರಿಂದ ಹೋಗುವುದಿಲ್ಲ ಎಂದು ಒಂದನೇ ಇಯತ್ತೆಯ ಮಗುವಿಗೂ ಗೊತ್ತು. ಆದರೂ ಅಪ್ಪನನ್ನು ಕೂಡಿಸಿ ಭಾಗಿಸಿ ಸಹಿ ಹಾಕಿಸಿದ!

ಸವಣೂರಿನಿಂದ ವಾರಕ್ಕೊಮ್ಮೆ ವೀಳ್ಯದೆಲೆ ತರುವವನೊಬ್ಬನಿದ್ದ. ಅವನ ಪಾಲಿಗೆ ಬಂದದ್ದು ನೂರಾ ಒಂದು. ಕಾಕಾ ಪಾಟಿ ಮುಂದೆ ಹಿಡಿದರೆ ಅವನು ಮುಟ್ಟಲೂ ಇಲ್ಲ. ಬುಟ್ಟಿ ಇಳಿಸಿ, ಒಂದು ಕ್ಷಣ ಕಣ್ಣು ಮುಚ್ಚಿ ಅಂದ: "ನೂರೊಂದು ಎಲಿಗೆ ಒಂದು ಕಟ್ಟು ಕಟ್ಟಿದ್ರ ಹನ್ನೊಂದು ಸಾವಿರದ ಒಂದು ಕಟ್ಟು ಆಗತಾವ್ರಿ ಮಾಸ್ತರ. ಹತ್ತು ಎಲಿ ಉಳೀತಾವ."

ಕಾಕಾ ಬೆವರುತ್ತ ಪಾಟಿಯ ಮೇಲೆ ಮಾಡಿ ನೋಡಿದ. ಬರೋಬ್ಬರಿ ಹತ್ತು! ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಒಳಗಿನಿಂದ ಚಿಗವ್ವ ಕೂಗಿದಳು: "ಉಳಿದ ಹತ್ತು ಎಲಿ ಇತ್ತ ಕೊಡಪ್ಪಾ, ಅಡಿಕಿ ನನ್ನ ಹತ್ತರ ಐತಿ."

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ವಾರ ನೂರಾ ಹದಿಮೂರರ ಪಾಳಿ ನಡೆದಿತ್ತು. ಅವ್ವ ಮೊದಲೇ ಕೈಮುಗಿದು ಹೇಳಿದ್ದಳು, "ಇವತ್ತೊಂದ ದಿನ ಪಾಟಿ ತೆಗೀಬ್ಯಾಡಪಾ ಮಾರಾಯಾ." ಕಾಕಾ ಹೂಂ ಎಂದಿದ್ದ. ಆದರೆ ವಾರ ತಪ್ಪಿದರೆ? ಅವ್ವ ಅವಲಕ್ಕಿ ತರಲು ಒಳಗೆ ಹೋಗಿದ್ದೇ ತಡ, ವರನ ತಂದೆಯ ತೊಡೆಯ ಮೇಲೆ ಪಾಟಿ ಕೂತಿತ್ತು. ಆ ಹಿರಿಯರು ಮರ್ಯಾದಸ್ಥರು, ಏನೋ ಈ ಮನೆಯ ಶಾಸ್ತ್ರವಿರಬೇಕು ಎಂದುಕೊಂಡು ಭಾಗಿಸಿ, ಐವತ್ತೊಂಬತ್ತು ಉಳಿಯಿತು ಎಂದರು. ಕಾಕಾ ನೋಡಿದ. ನಾವೆಲ್ಲ ಬಾಗಿಲ ಸಂದಿಯಿಂದ ಕೈಸನ್ನೆ ಮಾಡಿದೆವು, ಕಣ್ಣು ಹೊಡೆದೆವು. ಕಾಕಾ ಅಂದೇಬಿಟ್ಟ: "ತಪ್ಪೈತ್ರಿ."

"ಮೂವತ್ತು ವರ್ಷ ಕಾಳಿನ ವ್ಯಾಪಾರ ಮಾಡೇನಿ. ನನ್ನ ಲೆಕ್ಕ ತಪ್ಪು ಅಂತೀರೇನು?" ಹಿರಿಯರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ನಿಂತರು. ಅವ್ವ ಅವಲಕ್ಕಿಯ ತಾಟು ಹಿಡಿದು ಓಡಿ ಬಂದಳು. ಅಷ್ಟರಲ್ಲಿ ವರ ಮಹಾಶಯ, ಆವರೆಗೆ ನೆಲ ನೋಡುತ್ತ ಕೂತವನು, ಮೆಲ್ಲಗೆ ಪಾಟಿ ತೆಗೆದುಕೊಂಡು ಗೀಚಿ ಹೇಳಿದ: "ಅಪ್ಪಾ, ತೊಂಬತ್ತೈದು ಐತಿ."

"ಈ ಹುಡುಗಗ ಕಣ್ಣು ಮುಚ್ಚಿ ಹೆಣ್ಣು ಕೊಡ್ರಿ!" ಎಂದ ಕಾಕಾ. ಕೊಟ್ಟರು. ನಮ್ಮ ಅಕ್ಕ ಇವತ್ತಿಗೂ ಹೇಳುತ್ತಾಳೆ, ಎರಡೂ ಮನೆಯವರು ಒಪ್ಪಿದ್ದು ಪಾಟಿಯನ್ನು ನೋಡಿ, ತನ್ನನ್ನು ಯಾರೂ ನೋಡಲೇ ಇಲ್ಲ ಎಂದು.

ನನ್ನ ಪಾಲಿಗೂ ಒಟ್ಟು ಹನ್ನೆರಡು ಸಂಖ್ಯೆ ಬಂದವು. ಆಗ ನನಗೆ ಹತ್ತು ವರ್ಷ. ಹನ್ನೊಂದನ್ನು ಶ್ರದ್ಧೆಯಿಂದ ಮಾಡಿದೆ. ಹನ್ನೆರಡನೆಯದರ ಮಾತು ಬಸ್ಸಿನಲ್ಲಿ ಕೂತ ಮೇಲೆ ಹೇಳುತ್ತೇನೆ, ಈಗಲೇ ಕೇಳಬೇಡಿ.

ಮೂರೂವರೆ ವರ್ಷಕ್ಕೆ ನೂರಾ ಎಪ್ಪತ್ತೇಳೂ ಮುಗಿದವು. ಯಾವುದರಿಂದಲೂ ಹೋಗಲಿಲ್ಲ. ಏಳು ಒಂದು ಅವಿಭಾಜ್ಯ! ಚಿಗವ್ವ ಅಂದು ಹೋಳಿಗೆ ಮಾಡಿದಳು. ಕಾಕಾ ಒಂದು ಹೋಳಿಗೆ ತಿಂದ, ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟ.

"ಯಾಕ, ಬೆಲ್ಲ ಕಡಿಮಿ ಆಗೇತೇನು?"

"ಅಲ್ಲ, ಪಾಟಿ ಎಲ್ಲಾ ಒರಸೇವಲ್ಲ. ನೋಟಬುಕ್ಕಿನ್ಯಾಗ ಬರೇ ಶೇಷ ಅಷ್ಟ ಉಳದೈತಿ. ಯಾರರೆ ನಡುವ ತಪ್ಪಿದ್ರ?"

ಚಿಗವ್ವ ಹೋಳಿಗೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಎರಡನೆಯ ಸುತ್ತು ಶುರುವಾಯಿತು, ಈ ಸಲ ಕಾಕಾ ಒಬ್ಬನೇ. ಒಂದೊಂದನ್ನೂ ಮೂರು ಮೂರು ಸಲ ಭಾಗಿಸಿ, ತಿರುಗಿ ಗುಣಿಸಿ ತಾಳೆ ನೋಡಿ, ಆಮೇಲೆ ಆ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ ಸರಿ ಗುರುತು. ನಡುವೆ ಸವಣೂರಿಗೆ ವರ್ಗವಾಯಿತು, ಅಲ್ಲಿಂದ ಹಾನಗಲ್ಲಿಗೆ. ನಯೇ ಪೈಸೆ ಬಂತು, ಸೇರು ಹೋಗಿ ಕಿಲೋ ಬಂತು, ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಟ್ರೇನಿಂಗ್ ಮುಗಿಸಿ, ತಡಸದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರು ಆದೆ. ಕಾಕಾನ ನೋಟಬುಕ್ಕಿನ ಕೆಂಪು ಗುರುತು ಮಾತ್ರ ಆಮೆಯ ಹಾಗೆ ಮುಂದೆ ಹೋಗುತ್ತಲೇ ಇತ್ತು.

ಆ ಎರಡನೆಯ ಸುತ್ತು ಮುಗಿದ ವರ್ಷವೇ ಹಿರೇಕೆರೂರಿನಲ್ಲಿ ಶಿಕ್ಷಕರ ಸಭೆ ಎಂದು ಗೊತ್ತಾಯಿತು. ನಿವೃತ್ತರಾದ ಆ ಸಾಹೇಬರಿಗೆ ಅಲ್ಲಿ ಸತ್ಕಾರ! ಹಳೆಯ ಮಾಸ್ತರರು ಎರಡೆರಡು ಮಾತು ಆಡಬೇಕಂತೆ. ಕಾಕಾ ಹೆಸರು ಕೊಟ್ಟ. ಹನ್ನೆರಡು ವರ್ಷದ ಹಿಂದೆ ಕೊಟ್ಟ ಮಾತನ್ನು ನಾಲ್ಕು ತಾಲೂಕಿನ ಮಾಸ್ತರರ ಎದುರು ತೀರಿಸುವುದೆಂದು ನಿಶ್ಚಯಿಸಿದ. ನನಗೆ ಕಾರ್ಡು ಬಂತು: 'ನೀ ಜೋಡಿ ಬರಬೇಕು. ನನಗ ಒಬ್ಬಗ ಧೈರ್ಯ ಸಾಲೂದಿಲ್ಲ.' ಅದರ ಹಿಂದೆಯೇ ಇನ್ನೊಂದು ಕಾರ್ಡು: 'ಮೊದಲಿನ ಕಾರ್ಡು ಮುಟ್ಟಿತೋ ಇಲ್ಲೋ?'

ಹಾನಗಲ್ಲಿನ ನಿಲ್ದಾಣದಲ್ಲಿ ಯಥಾಪ್ರಕಾರ ಎರಡು ತಾಸು ಮೊದಲೇ ಕೂತೆವು. ಕಾಕಾ ಹೊಸ ಟೊಪ್ಪಿಗೆ ಹಾಕಿದ್ದ, ಕೋಟಿಗೆ ಇಸ್ತ್ರಿ ಮಾಡಿಸಿದ್ದ. ಬಸ್ಸು ಹೊರಟ ಮೇಲೆ ಕೈಚೀಲದಿಂದ ನೋಟಬುಕ್ಕು ತೆಗೆದು ನನ್ನ ತೊಡೆಯ ಮೇಲಿಟ್ಟ. "ನೋಡು. ಇವತ್ತ ಇಷ್ಟು ಹೇಳಿ ಬಿಟ್ರ ನನ್ನ ತಲಿಮ್ಯಾಲಿನ ಹೊರಿ ಇಳೀತೈತಿ." ಅಷ್ಟು ಹಗುರಾದ ಮುಖವನ್ನು ನಾನು ಅವನಲ್ಲಿ ಎಂದೂ ಕಂಡಿರಲಿಲ್ಲ.

ನಾನು ಹಾಳೆ ತಿರುವುತ್ತ ಹೋದೆ. ಅಪ್ಪನ ಸಹಿ, ಮುಂದೆ ಕೆಂಪು ಗುರುತು. ಎಲೆ ಮಾರುವವನ ಹೆಬ್ಬೆಟ್ಟು, ಕೆಂಪು ಗುರುತು. ನಮ್ಮ ಭಾವನ ಸಹಿ, ಕೆಂಪು ಗುರುತು. ನನ್ನ ಎಳೆಯ ಅಕ್ಷರದ ಸಹಿ, ಗುರುತು ಇಲ್ಲ. ಮುಂದಿನ ಹಾಳೆಯಲ್ಲೂ ನನ್ನ ಸಹಿ, ಗುರುತು ಇಲ್ಲ. ಹನ್ನೆರಡು ಕಡೆ ನನ್ನ ಹೆಸರು, ಹನ್ನೆರಡೂ ಕಡೆ ಬರೀ ಖಾಲಿ.

"ಕಾಕಾ, ನನ್ನ ಲೆಕ್ಕಕ್ಕ ಗುರುತು ಹಾಕೂದು ಮರತಿ ಏನು?"

"ಮರತಿಲ್ಲ. ನಿನ್ನವು ನಾ ತಿರುಗಿ ನೋಡೇ ಇಲ್ಲ."

"ಯಾಕ?"

"ನೀ ಮಾಡಿದ ಮ್ಯಾಲ ಮತ್ತ ನೋಡೂದೇನೈತಿ?" ಎಂದು ಕಾಕಾ ಕಿಟಕಿಯ ಕಡೆ ತಿರುಗಿ ಹೊಲ ನೋಡುತ್ತ ಕೂತ.

ಬೀಗವನ್ನು ನಾಲ್ಕು ಸಲ ಜಗ್ಗುವ ಮನುಷ್ಯ! ಎರಡರಿಂದ ಹೋಗುವುದಿಲ್ಲ ಎಂಬುದನ್ನೂ ಮೂರು ಸಲ ತಾಳೆ ನೋಡಿದವನು! ನನ್ನ ಕಣ್ಣು ಹನ್ನೆರಡನೆಯ ಸಾಲಿಗೆ ಹೋಯಿತು. ಎರಡುನೂರಾ ಮೂವತ್ತೊಂಬತ್ತು, ಶೇಷ ನೂರಾ ಹದಿನೇಳು. ಆ ಸಾಲನ್ನು ಅಂಗೈಯಿಂದ ಮುಚ್ಚಿದೆ.

ಈಗ ಹೇಳುತ್ತೇನೆ. ಅವತ್ತು ನಾಗರಪಂಚಮಿ. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮನೆತುಂಬ ಶೇಂಗಾ ಉಂಡಿಯ ವಾಸನೆ. ಅತಿಥಿಗಳು ಯಾರೂ ಇಲ್ಲ, ಕಾಕಾ ಪಾಟಿ ನನ್ನ ಕೈಗೆ ಕೊಟ್ಟ. ಎರಡುನೂರಾ ಮೂವತ್ತೊಂಬತ್ತು ನಾಲ್ಕಲೆ, ಕಳೆದೆ. ಒಂದನ್ನು ಇಳಿಸಿ ಆರಲೆ, ಕಳೆದೆ. ನೂರಾ ಹದಿನೇಳು ಉಳಿಯಿತು. ಇನ್ನೂ ಎರಡು ಒಂದುಗಳನ್ನು ಇಳಿಸುವುದಿತ್ತು. ಆಗ ಹೊರಗಿನಿಂದ ಗೆಳತಿಯರು ಕೂಗಿದರು, "ನಿನ್ನ ಪಾಳಿ ಬಂತು, ಬರ್ತೀಯೋ ಇಲ್ಲೋ?" ನಾನು ಆ ಎರಡು ಒಂದುಗಳ ಕಡೆ ನೋಡಿದೆ, ಬಾಗಿಲ ಕಡೆ ನೋಡಿದೆ. ನೂರಾ ಹದಿನೇಳು ಎಂದೇ ನೋಟಬುಕ್ಕಿನಲ್ಲಿ ಬರೆದು, ಸಹಿ ಮಾಡಿ, ಪಾಟಿಯನ್ನು ಲಂಗದಿಂದ ಒರೆಸಿ ಓಡಿದೆ. ಸಾಲಿನಲ್ಲಿ ಅಷ್ಟು ಒಂದುಗಳಿವೆ, ಎರಡು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಬಸ್ಸು ತಿಳವಳ್ಳಿ ದಾಟಿತು. ನೋಟಬುಕ್ಕಿನ ಕೊನೆಯ ಹಾಳೆಗೆ ತಿರುವಿ, ಕಾಕಾನಿಗೆ ಕಾಣದ ಹಾಗೆ ಬೆನ್ನು ಮಾಡಿ, ಲೆಕ್ಕವನ್ನು ಮತ್ತೆ ಹಿಡಿದೆ. ಅಂಥ ದೊಡ್ಡ ಅನಾಹುತವೇನೂ ಆಗಿರಲಿಕ್ಕಿಲ್ಲ, ಶೇಷ ನೂರಾ ಹದಿನೇಳರ ಬದಲು ಬೇರೆ ಏನಾದರೂ ಬರುತ್ತದೆ, ತಿದ್ದಿದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ಆರನೆಯ ಒಂದನ್ನು ಇಳಿಸಿದೆ. ಸಾವಿರದ ನೂರಾ ಎಪ್ಪತ್ತೊಂದು. ನಾಲ್ಕಲೆ ಹೋಗಿ ಇನ್ನೂರಾ ಹದಿನೈದು ಉಳಿಯಿತು. ಏಳನೆಯ ಒಂದನ್ನು ಇಳಿಸಿದೆ. ಎರಡು ಸಾವಿರದ ನೂರಾ ಐವತ್ತೊಂದು. ಎರಡುನೂರಾ ಮೂವತ್ತೊಂಬತ್ತು ಒಂಬತ್ತಲೆ ಎಷ್ಟು?

ಎರಡು ಸಾವಿರದ ನೂರಾ ಐವತ್ತೊಂದು.

ಮತ್ತೆ ಮಾಡಿದೆ. ಏನೂ ಉಳಿಯಲಿಲ್ಲ. ಮೂರನೆಯ ಸಲ ಮಾಡಿದೆ, ಬಸ್ಸಿನ ಕುಲುಕಾಟಕ್ಕೆ ಅಂಕಿಗಳು ಸೊಟ್ಟ ಬಿದ್ದವೇ ಹೊರತು ಉತ್ತರ ಬದಲಾಗಲಿಲ್ಲ. ನೂರಾ ಎಪ್ಪತ್ತೇಳು ಸಂಖ್ಯೆಗಳಲ್ಲಿ ಏಳು ಒಂದನ್ನು ಒಡೆಯುವ ಸಂಖ್ಯೆ ಯಾವುದೋ ಅದೇ, ಅದೊಂದೇ, ಪಂಚಮಿಯ ದಿನ ನನ್ನ ಕೈಗೆ ಬಂದಿತ್ತು!

"ಯಾಕ ಇಷ್ಟ್ ಬೆವರಾಕತ್ತಿ?" ಕಾಕಾ ಕೇಳಿದ.

"ಬಸ್ಸಿನ ವಾಸನಿ, ಕಾಕಾ."

ಕಾಕಾ ಕೋಟಿನ ಕಿಸೆಯಿಂದ ಲಿಂಬಿಹಣ್ಣು ತೆಗೆದು ಕೊಟ್ಟ. ನನಗೆ ಬಸ್ಸು ಆಗಿಬರುವುದಿಲ್ಲ ಎಂದು ಮನೆಯಿಂದಲೇ ತಂದಿದ್ದನಂತೆ. "ಮೂಸಾಕತ್ತಿರು. ಕಿಟಕಿ ಕಡೆ ಬಾ," ಎಂದು ತನ್ನ ಜಾಗ ಬಿಟ್ಟುಕೊಟ್ಟ. ಆ ಲಿಂಬಿಹಣ್ಣು ಮೂಸುತ್ತ ನಾನು ಎಷ್ಟು ಸಣ್ಣವಳಾದೆ ಎಂದರೆ, ಕಂಡಕ್ಟರ್ ಅರ್ಧ ಟಿಕೀಟು ಕೊಟ್ಟಿದ್ದರೂ ನಡೆಯುತ್ತಿತ್ತು.

ಹೇಳದೆ ಇದ್ದುಬಿಟ್ಟರೆ? ನಿಜ ಹೇಳುತ್ತೇನೆ, ಹಾಗೂ ಯೋಚಿಸಿದೆ. ಆ ಸಭೆಯಲ್ಲಿ ಎರಡುನೂರಾ ಮೂವತ್ತೊಂಬತ್ತರಿಂದ ಭಾಗಿಸಿ ನೋಡುವ ಪುಣ್ಯಾತ್ಮ ಯಾರಿದ್ದಾನೆ? ಕಾಕಾ 'ಅವಿಭಾಜ್ಯ ಐತ್ರಿ' ಎನ್ನುತ್ತಾನೆ, ಚಪ್ಪಾಳೆ ಬೀಳುತ್ತದೆ, ಹೊರೆ ಇಳಿಯುತ್ತದೆ. ಹೇಳಿದರೆ ಹನ್ನೆರಡು ವರ್ಷ ನೀರಿನಲ್ಲಿ ಹೋಮ. ಆದರೆ ಪೂರ್ತಿ ನೋಡದೆ ಹೇಳಬಾರದು ಎಂದು ನೂರಾ ಎಪ್ಪತ್ತೇಳು ವಾರ ಜನರಿಗೆ ಚಾ ಕೊಡದೆ ಕಾಯಿಸಿದವನ ಬಾಯಲ್ಲಿ, ನನ್ನ ದೆಸೆಯಿಂದ, ಸುಳ್ಳು ಬರುತ್ತದೆ. ಅದೂ ತುಂಬಿದ ಸಭೆಯಲ್ಲಿ. ಬಸ್ಸು ಕೆಟ್ಟು ನಿಲ್ಲಲಿ ಎಂದು ಊರಿನ ದೇವರಿಗೆಲ್ಲ ಹರಕೆ ಹೊತ್ತೆ. ಆ ಡಕೋಟಾ ಬಸ್ಸು ಅವತ್ತೊಂದು ದಿನ ಎಲ್ಲೂ ಕೆಡದೆ ಹೊತ್ತಿಗೆ ಸರಿಯಾಗಿ ಹಿರೇಕೆರೂರು ಮುಟ್ಟಿತು!

ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಸಾಹೇಬರು ಬಾಗಿಲಲ್ಲೇ ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಬೆತ್ತ. ಕಾಕಾ ನಮಸ್ಕಾರ ಮಾಡಿ ಕೇಳಿದ: "ಸಾಹೇಬ್ರ, ಏಳು ಒಂದರ ಲೆಕ್ಕ ನೆನಪೈತೇನ್ರಿ?"

"ಯಾವ ಲೆಕ್ಕ?" ಎಂದರು ಸಾಹೇಬರು.

ಕಾಕಾನ ಮುಖ ಒಂದು ಕ್ಷಣ ಖಾಲಿಯಾಯಿತು. ಮತ್ತೆ ತಾನೇ ಸುಧಾರಿಸಿಕೊಂಡು, "ಇರಲ್ರಿ, ಸಭಾದಾಗ ಹೇಳ್ತೇನ್ರಿ," ಎಂದ. ಅವರು ಮರೆತರೇನಂತೆ, ಮಾತು ಕೊಟ್ಟವನು ಇವನಲ್ಲವೇ?

ಸತ್ಕಾರದ ಹಾರತುರಾಯಿ ಮುಗಿಯಿತು. ಮೊದಲನೆಯ ಮಾಸ್ತರರು ಮಾತಿಗೆ ನಿಂತರು. ಮುಂದಿನದು ಕಾಕಾನ ಸರದಿ. ಚ‍ಪ್ಪರದ ಅಂಚಿನಲ್ಲಿ ಟೊಪ್ಪಿಗೆ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ನಿಂತಿದ್ದವನ ಹತ್ತಿರ ಹೋದೆ.

"ಕಾಕಾ, ನೀ ಹೇಳಬ್ಯಾಡ. ಅದು ಭಾಗ ಹೋಗತೈತಿ."

"ಏನು?"

"ಎರಡುನೂರಾ ಮೂವತ್ತೊಂಬತ್ತರಿಂದ. ನಾ ಸಣ್ಣಾಕಿದ್ದಾಗ ಪೂರಾ ಮಾಡಿದ್ದಿಲ್ಲ. ಎರಡು ಒಂದು ಹಂಗ ಬಿಟ್ಟು ಸಹಿ ಮಾಡಿದ್ದೆ. ಈಗ ಬಸ್ಸಿನ್ಯಾಗ ಮಾಡಿ ನೋಡಿದೆ. ಮೂರು ಸಲ." ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದುಬಿಟ್ಟಿತ್ತು.

ಕಾಕಾ ನನ್ನನ್ನೇ ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಎರಡು ಒಂದು ಯಾಕ ಬಿಟ್ಟಿ?" ಎಂದು ಕೇಳಿದ.

"ಪಂಚಮಿ ಇತ್ತು. ಜೋಕಾಲಿಗೆ ಕರದ್ರು."

ವೇದಿಕೆಯ ಮೇಲೆ ಮೊದಲನೆಯ ಮಾಸ್ತರರು ಸಾಹೇಬರ ಗುಣಗಾನ ಮಾಡುತ್ತಲೇ ಇದ್ದರು. ಆಮೇಲೆ ಕಾಕಾ ತನ್ನ ಧೋತರದ ಚುಂಗಿನಿಂದ ನನ್ನ ಕಣ್ಣು ಒರೆಸಿದ. "ಪಂಚಮಿ ದಿನ ಹತ್ತು ವರ್ಷದ ಹುಡುಗಿ ಕೈಯಾಗ ಪಾಟಿ ಕೊಟ್ಟಾಂವ ನಾನು. ತಪ್ಪು ನಂದು ಮಗಳ, ನಿಂದಲ್ಲ. ಈಗ ಎಷ್ಟು ಉಳೀತು?"

"ಏನೂ ಉಳಿಯೂದಿಲ್ಲ."

ಕಿಸೆಯಿಂದ ಪೆನ್ನು ತೆಗೆದು ಕೊಟ್ಟ. "ಹಂಗಾರ ಬರಿ. ಸಹಿ ಮಾಡು."

ನೂರಾ ಹದಿನೇಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಸೊನ್ನೆ ಬರೆದೆ. ಭಾಗಲಬ್ಧ ನಾಲ್ಕು ಸಾವಿರದ ಆರುನೂರಾ ನಲವತ್ತೊಂಬತ್ತು ಎಂದು ಬರೆದೆ. ಸಹಿ ಮಾಡಿದೆ. ಅಷ್ಟು ಮಾಡಿದ ಮೇಲೆ ನನಗೆ ಹೊಸ ಹೆದರಿಕೆ ಹತ್ತಿತು. ಬಸ್ಸು ಕುಲುಕುತ್ತಿತ್ತು, ಎಲ್ಲಾದರೂ ಹೆಚ್ಚುಕಡಿಮೆ ಆಗಿದ್ದರೆ? "ಕಾಕಾ, ನೀ ಒಮ್ಮೆ ಮಾಡಿ ನೋಡು. ಎರಡು ನಿಮಿಷದ ಕೆಲಸ," ಎಂದೆ. ಅಷ್ಟರಲ್ಲಿ ವೇದಿಕೆಯಿಂದ ಅವನ ಹೆಸರು ಕರೆದರು.

ಕಾಕಾ ನೋಟಬುಕ್ಕನ್ನು ಮುಚ್ಚಿ ಕೈಚೀಲಕ್ಕೆ ಹಾಕಿದ. ಚೀಲವನ್ನು ನನ್ನ ಕೈಗೆ ಕೊಟ್ಟು ವೇದಿಕೆ ಹತ್ತಿದ.

"ಸಾಹೇಬ್ರ, ನೀವು ಹನ್ನೆರಡು ವರ್ಷದ ಹಿಂದ ನಮ್ಮ ಸಾಲಿಯೊಳಗ ಏಳು ಒಂದು ಬರದು, ಇದು ಯಾತರಿಂದ ಭಾಗ ಹೋಗತೈತಿ ಅಂತ ಕೇಳಿದ್ರಿ. ನೋಡಿ ಹೇಳ್ತೇನಿ ಅಂದಿದ್ದೆ. ಎರಡುನೂರಾ ಮೂವತ್ತೊಂಬತ್ತರಿಂದ ಹೋಗತೈತ್ರಿ. ಇದನ್ನ ಕಂಡು ಹಿಡಿದಾಕಿ ನಮ್ಮ ಅಣ್ಣನ ಮಗಳು, ಅಲ್ಲಿ ನಿಂತಾಳ."

ಸಭೆ ಪೂರ್ತಿ ನನ್ನ ಕಡೆ ತಿರುಗಿತು. ಸಾಹೇಬರಿಗೆ ಏನೂ ನೆನಪಾಗಿರಲಿಲ್ಲ, ಆದರೂ ದೊಡ್ಡ ಮನುಷ್ಯರು, ಸಂತೋಷದಿಂದ ತಲೆಯಾಡಿಸಿದರು. "ಶಾಬಾಸ್! ನೀವು ತಾಳೆ ನೋಡೀರಲ್ಲ ಮಾಸ್ತರ?"

"ನಾ ನೋಡಿಲ್ರಿ," ಎಂದ ಕಾಕಾ. "ಆಕಿ ನೋಡ್ಯಾಳ."

ಚಪ್ಪಾಳೆ ಬಿತ್ತು. ನಾನು ಮಾತ್ರ ಕೈಚೀಲವನ್ನು ಎದೆಗೆ ಒತ್ತಿಕೊಂಡು, ಎರಡುನೂರಾ ಮೂವತ್ತೊಂಬತ್ತು ಒಂಬತ್ತಲೆ, ಎರಡುನೂರಾ ಮೂವತ್ತೊಂಬತ್ತು ನಾಲ್ಕಲೆ ಎಂದು ತುಟಿಯೊಳಗೇ ಗುಣಿಸುತ್ತಿದ್ದೆ. ಸರಿಯಾಗಿಯೇ ಇತ್ತು. ವಾಪಸು ಬರುವಾಗ ಕಾಕಾ ಬಸ್ಸು ಊರು ದಾಟುವುದರೊಳಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ಗಾಢವಾಗಿ ನಿದ್ದೆ ಹೋದ. ಟಿಕೀಟು ಕಿಸೆಯಲ್ಲಿದೆಯೋ ಇಲ್ಲವೋ ಎಂದು ಒಂದು ಸಲವೂ ಮುಟ್ಟಿ ನೋಡಲಿಲ್ಲ.

ಕಾಕಾ ಹೋಗಿ ಬಹಳ ವರ್ಷವಾಯಿತು. ಆ ನೋಟಬುಕ್ಕು ಈಗ ನನ್ನ ಹತ್ತಿರವಿದೆ. ಎರಡುನೂರಾ ಮೂವತ್ತೊಂಬತ್ತರ ಸಾಲಿನಲ್ಲಿ ನನ್ನವು ಎರಡು ಸಹಿಗಳಿವೆ, ಒಂದು ಹತ್ತು ವರ್ಷದವಳದು, ಒಂದು ಇಪ್ಪತ್ತೊಂದರದು. ಮುಂದೆ ಕೆಂಪು ಗುರುತು ಇಲ್ಲ. ಪೆನ್ನು ಹಿಡಿದು ಎಷ್ಟೋ ಸಲ ಕೂತಿದ್ದೇನೆ, ನಾನಾಗಿ ಹಾಕಲು ಮನಸ್ಸು ಬಂದಿಲ್ಲ.